ನಾಲ್ಕಕ್ಕೂ ಏಳು

ಕಾರವಾರದಲ್ಲಿ ಕೂತು ಫ್ರೆಂಚ್ ಕಲಿಸುತ್ತೇನೆ ಅಂದರೆ ಅರ್ಧ ಜನ ನಗುತ್ತಾರೆ, ಉಳಿದರ್ಧ ಜನ "ಗೋವೆಯಲ್ಲಾದ್ರೆ ನಡೀತಿತ್ತೇನೋ" ಅನ್ನುತ್ತಾರೆ. ಯಜಮಾನರ ನೌಕರಿಯ ಕಾಲಕ್ಕೆ ಪುದುಚೇರಿಯಲ್ಲಿ ಕಲಿತ ಭಾಷೆ. ಸುಮ್ಮನೆ ತುಕ್ಕು ಹಿಡಿಯುವುದು ಬೇಡವೆಂದು ಮಹಡಿ ಮೇಲೆ ಕುರ್ಚಿ ಹಾಕಿ ಪಾಠ ಶುರುಮಾಡಿದೆ. ಅಲ್ಲಿಂದೀಚೆ ನಗುವುದಕ್ಕಾಗಿ ನಾನು ಟಿವಿ ಹಚ್ಚಿದ್ದೇ ಇಲ್ಲ. ಒಬ್ಬಳ ಕತೆಯನ್ನಷ್ಟೇ ಹೇಳುತ್ತೇನೆ, ಸಾಕು.

ಮಂಜಗುಣಿಯ ಹುಡುಗಿ, ಕಾರವಾರದ ಆಸ್ಪತ್ರೆಯೊಂದರಲ್ಲಿ ನರ್ಸ್. ಅವ್ವ ಅಂಕೋಲೆ ಪೇಟೆಯಲ್ಲಿ ಮೀನು ಮಾರುತ್ತಾಳೆ. ಹುಡುಗಿಗೆ ಕೆನಡಾಕ್ಕೆ ಹೋಗುವ ಹಟ. ಫ್ರೆಂಚ್ ಪರೀಕ್ಷೆಯಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಎಂದು ನಾಲ್ಕು ಭಾಗ. ಪ್ರತಿಯೊಂದರಲ್ಲೂ ಏಳನೇ ಹಂತ ಮುಟ್ಟಿದರೆ ಅವಳ ಅರ್ಜಿಗೆ ಹೆಚ್ಚಿನ ಅಂಕ. ಮೂವತ್ತು ತುಂಬಿದರೆ ವಯಸ್ಸಿನ ಅಂಕ ಇಳಿಯತೊಡಗುತ್ತದೆ. ಅವಳಿಗೆ ಆಗಲೇ ಇಪ್ಪತ್ತೊಂಬತ್ತು ನಡೆಯುತ್ತಿತ್ತು.

ಕಷಾಯ

ಫ್ರೆಂಚಿನಲ್ಲಿ ಅರ್ಧ ಮಾತು ಮೂಗಿನಿಂದಲೇ ಬರಬೇಕು. "ಮನೆಯಲ್ಲಿ ದೊಡ್ಡದಾಗಿ ಹೇಳಿ ರೂಢಿ ಮಾಡು" ಅಂದೆ. ಪಾಪ, ಮಾಡಿದಳು. ವಾರ ಕಳೆದು ಬಂದವಳ ಮುಖ ಕೆಂಪಗಾಗಿತ್ತು.

"ಎಂತ ಆಯ್ತೇ?"

"ಅವ್ವ ನನಗೆ ಥಂಡಿ ಆಗ್ಯದೆ ಅಂತ ತಿಳ್ಕಂಡಾಳೆ ಅಕ್ಕೋರೇ. ನಾ ಬಾಯಿ ತೆಗೆದ್ರೆ ಸಾಕು, ಶುಂಠಿ-ಮೆಣಸಿನ ಕಷಾಯ ಕುಡಿಸ್ತಾಳೆ."

ಉಚ್ಚಾರ ಸರಿಹೋಗುವ ಹೊತ್ತಿಗೆ ಆ ಮನೆಯ ಕಾಳುಮೆಣಸಿನ ಡಬ್ಬಿ ಖಾಲಿಯಾಗಿತ್ತಂತೆ.

ಬೋಗಿ

ಮೊದಲ ಸಲದ ಫಲಿತಾಂಶ ಬಂತು. ಮೂರು ಭಾಗಕ್ಕೆ ಏಳನೇ ಹಂತ, ಅದಕ್ಕೆ ಬಿ-ಟೂ ಅಂತಲೂ ಹೆಸರು. ಕೇಳುವುದೊಂದರಲ್ಲಿ ಮಾತ್ರ ಆರು, ಅಂದರೆ ಬಿ-ವನ್. ಹುಡುಗಿ ಮುಖ ಸಣ್ಣ ಮಾಡಿಕೊಂಡು ಮನೆಯಲ್ಲಿ ಹೇಳಿದಳಂತೆ. ಅವಳ ದೊಡ್ಡಪ್ಪ ರೈಲಿನಲ್ಲಿ ಮುಂಬಯಿಗೆ ಓಡಾಡಿದ ಮನುಷ್ಯ. ತಕ್ಷಣ ನನಗೇ ಫೋನ್ ಹಚ್ಚಿದ.

"ಮೂರು ಬಿ-ಟೂ, ಒಂದು ಬಿ-ವನ್ ಅಂದ್ರೆ ಅಕ್ಕಪಕ್ಕದ ಬೋಗಿಯೇ ಅಲ್ರಾ ಅಕ್ಕೋರೇ? ಅದ್ಕೆ ಈ ಹುಡುಗಿ ಅಳೂದ್ಯಾಕೆ? ಟೀಸಿಗೆ ಒಂದು ಮಾತು ಹೇಳಿದ್ರೆ ಬದಲಿ ಮಾಡಿ ಕೊಡ್ತಾನೆ."

"ಇದು ರೈಲಲ್ಲ ಮಾರಾಯ್ರೇ, ಕೆನಡಾ!"

"ಗೊತ್ತದೆ. ಆದ್ರೆ ಮುಂಬಯಿ ತನಕ ರೈಲೇ ಅಲ್ರಾ? ವಿಮಾನ ಅಂಕೋಲೆಗೆ ಬತ್ತದ್ಯಾ?"



ಗಿರಾಕಿ

ಅವ್ವನಿಗೆ ತಿಳಿಸಿ ಹೇಳುವುದು ಇನ್ನೂ ಕಷ್ಟವಾಗಬಹುದೆಂದು ನಾನೇ ಅಂಕೋಲೆ ಮೀನುಪೇಟೆಗೆ ಹೋದೆ. ಬಂಗಡೆ ಮೀನನ್ನು ಗುಡ್ಡೆ ಗುಡ್ಡೆಯಾಗಿ ಪಾಲು ಹಾಕುತ್ತ ಕೂತಿದ್ದಳು.

"ಮೂರು ಒಳ್ಳೇದಿದ್ರೆ ನಾಕನೇದು ಅದ್ರ ಸಂಗಡ ಹೋಗೂದಿಲ್ವಾ?" ಅಂದಳು.

"ಇಲ್ಲ. ಅವರು ಒಂದೊಂದನ್ನೂ ಎತ್ತಿ ನೋಡ್ತಾರೆ. ಒಂದು ಸಣ್ಣದಾದ್ರೂ ಹೆಚ್ಚಿನ ಅಂಕ ಸಿಗುವುದಿಲ್ಲ."

ಅವಳಿಗೆ ಥಟ್ಟನೆ ಅರ್ಥವಾಯಿತು. "ಹಾಂ ಹಾಂ, ಅಂಥ ಗಿರಾಕಿ ನನಗೂ ಅದೆ. ಎಲ್ಲ ಮೀನಿನ ಕಿವಿರು ಎತ್ತಿ ನೋಡ್ತದೆ, ಮೂಗು ಮುರೀತದೆ, ಕಡೆಗೆ ಬರೀ ಕೈಯಲ್ಲಿ ಹೋಗ್ತದೆ. ದೇಶಕ್ಕೆ ದೇಶವೇ ಹಂಗಾ?"

ನಾನು ಒಂದು ಪಾಲು ಬಂಗಡೆ ತಗೊಂಡು ಬಂದೆ. ಕಿವಿರು ಎತ್ತಿ ನೋಡುವ ಧೈರ್ಯ ಆಗಲಿಲ್ಲ.

ಸುದ್ದಿ

ಅವಳ ಮೂವತ್ತರ ಹುಟ್ಟುಹಬ್ಬಕ್ಕೆ ಮುಂಚೆ ಇನ್ನೊಂದೇ ಸಲ ಪರೀಕ್ಷೆಗೆ ಕೂರಲು ಸಾಧ್ಯವಿತ್ತು. ಒಂದು ದಿನ ಪೇಟೆಯ ಗಲಾಟೆಯ ನಡುವಿನಿಂದ ಅವ್ವ ಫೋನ್ ಮಾಡಿ, "ಈ ಸಲ ಪಾಸಾಗೂಕೆ ಎಂತ ಆಗ್ಬೇಕು ಅಕ್ಕೋರೇ?" ಎಂದು ಕೂಗಿ ಕೇಳಿದಳು. ನಾನೂ ಕೂಗಿದೆ: "ನಾಲ್ಕಕ್ಕೂ ಏಳು ಬೇಕು! ಅಷ್ಟೇ!"

ಮರುದಿನದಿಂದ ಹುಡುಗಿ ಪಾಠದಲ್ಲಿ ತೂಕಡಿಸತೊಡಗಿದಳು. ನನಗೆ ಸಿಟ್ಟು ನೆತ್ತಿಗೇರಿತು. "ಕೇಳುವುದರಲ್ಲೇ ಸೋತವಳು ನೀನು, ಇಲ್ಲಿ ಬಂದು ನಿದ್ದೆ ಮಾಡ್ತೀಯಾ?"

"ನೀವೇ ಅಲ್ವಾ ಅವ್ವನಿಗೆ ಹೇಳಿದ್ದು, ನಾಲ್ಕಕ್ಕೆ ಏಳಬೇಕು ಅಂತ? ದಿನಾ ನಸುಕಿಗೆ ಚಾದರ ಎಳೆದು ಎಬ್ಬಿಸ್ತಾಳೆ!"

ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವ್ವನಿಗೆ ಬಿಡಿಸಿ ಹೇಳುತ್ತೇನೆಂದರೆ ಹುಡುಗಿಯೇ ತಡೆದಳು. "ಬೇಡ ಅಕ್ಕೋರೇ. ಆ ಹೊತ್ತಿಗೆ ದೊಡ್ಡಪ್ಪನ ಗಲಾಟೆ ಇಲ್ಲ, ಟಿವಿ ಇಲ್ಲ. ಫ್ರೆಂಚ್ ರೇಡಿಯೋ ಮಾತು ಮಾತೂ ತಿಳೀತದೆ."

ಪರೀಕ್ಷೆ ಮುಗಿಯಿತು. ಫಲಿತಾಂಶ ಬಂದ ದಿನ ಆಸ್ಪತ್ರೆಯಿಂದಲೇ ಫೋನ್ ಮಾಡಿದಳು. ಬರೀ ಅಳು. ಮತ್ತೆ ಆರೇ ಬಂತೇನೋ ಅಂದುಕೊಂಡೆ. ಕಡೆಗೆ "ಎಲ್ಲಾ ಬಂತು ಅಕ್ಕೋರೇ, ಅವ್ವನಿಗೆ ನೀವೇ ಹೇಳಿ" ಅಂದಳು. ನನ್ನ ಕಣ್ಣಲ್ಲೂ ನೀರು. ಆ ಖುಷಿಯಲ್ಲಿ ಹಿಂದುಮುಂದು ನೋಡದೆ ಅವ್ವನಿಗೆ ಫೋನ್ ಹಚ್ಚಿ ಕೂಗಿಬಿಟ್ಟೆ: "ನಾಲ್ಕಕ್ಕೂ ಏಳು!"

ಆ ಕಡೆಯಿಂದ ಅವ್ವ ಸಿಡಿದಳು.

"ಇನ್ನೂ ಏಳೂದಾ? ಪರೀಕ್ಷೆ ಮುಗೀತಲ್ರಾ! ಹುಡುಗಿ ಕಣ್ಣ ಕೆಳಗೆ ಕಪ್ಪಾಗ್ಯದೆ, ಇನ್ನು ನಾ ಎಬ್ಬಿಸೂದಿಲ್ಲ. ಕೆನಡಾದವ್ರಿಗೆ ನಾಕಕ್ಕೆ ಏಳುವವ್ರೇ ಬೇಕಂದ್ರೆ ನನ್ನೇ ಕರ್ಕಂಡು ಹೋಗ್ಲಿ, ನಾ ಮದುವೆ ಆದಾಗಿಂದ ಏಳ್ತೇ ಇದ್ದೆ!"