ಅತ್ತಿಗೆಯ ಕೈಗೆ ತಕ್ಕ ಚೆಂಡು

ಹಿತ್ತಲಿನ ಶೆಡ್ಡಿನ ಬಾಗಿಲಿಗೆ ಮೌಳಿ ಮಾವಿನ ತೋರಣ ಕಟ್ಟಿದ್ದಾನೆಂದರೆ ಹೊಸ ಯಂತ್ರ ತಯಾರಾಗಿದೆ ಎಂದೇ ಅರ್ಥ. ಹೋದ ಸಲ ತೋರಣ ಕಟ್ಟಿದಾಗ ಅವನ ಬಟ್ಟೆ ಮಡಿಸುವ ಯಂತ್ರ ಅಣ್ಣ ಸದಾನಂದಯ್ಯನ ಪಂಚೆಯನ್ನು ಕರವಸ್ತ್ರದಷ್ಟು ಸಣ್ಣಗೆ ಮಡಿಸಿತ್ತು. ಅದನ್ನು ಬಿಚ್ಚಲು ಎರಡು ದಿನ ಹಿಡಿದಿತ್ತು. ಆದ್ದರಿಂದ ಸದಾನಂದಯ್ಯನ ಹೆಂಡತಿ ಕಾತ್ಯಾಯಿನಿ ಒಳಗೆ ಕಾಲಿಡುವ ಮೊದಲು ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡಳು.

"ಬನ್ನಿ ಅತ್ತಿಗೆ. ನಿಮ್ಮ ಬೌಲಿಂಗ್ ಚೆಂಡಿಗೆ ತೂತು ಕೊರೆಯೋ ಯಂತ್ರ," ಎಂದು ಮೌಳಿ ಪರದೆ ಸರಿಸಿದ. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಲೇತ್ ತಿರುಗಿಸಿ ನಿವೃತ್ತನಾದವನು. ಕೈ ಸುಮ್ಮನಿರುತ್ತಿರಲಿಲ್ಲ.

ಕಾತ್ಯಾಯಿನಿಗೆ ಐವತ್ತನಾಲ್ಕು. ಎರಡು ವರ್ಷದ ಹಿಂದೆ ಯಾರದೋ ಹುಟ್ಟುಹಬ್ಬಕ್ಕೆಂದು ಮೈಸೂರಿನ ಮಾಲ್ ಒಂದಕ್ಕೆ ಹೋದವಳು ತಮಾಷೆಗೆ ಚೆಂಡು ಉರುಳಿಸಿ, ಎದುರು ನಿಲ್ಲಿಸಿದ್ದ ಬಾಟಲಿಯಂಥ ಹತ್ತು ಪಿನ್ನಿನಲ್ಲಿ ಒಂಬತ್ತು ಕೆಡವಿದ್ದಳು. ಅಂದಿನಿಂದ ಬುಧವಾರ, ಭಾನುವಾರ ತಪ್ಪಿಸಿರಲಿಲ್ಲ. ಈ ಭಾನುವಾರ ಮಹಿಳೆಯರ ಲೀಗಿನ ಅಂತಿಮ ಪಂದ್ಯ. ಗೆದ್ದವರು ರಾಜ್ಯಮಟ್ಟದ ಆಟಕ್ಕೆ ಮಂಗಳೂರಿಗೆ ಹೋಗುತ್ತಾರೆ. ಕಾತ್ಯಾಯಿನಿ ಊರು ಬಿಟ್ಟು ಹೋಗಿದ್ದು ಬೇಕಾದಷ್ಟು ಸಲ. ಆದರೆ ಯಾರದೋ ಮದುವೆಗೆ, ಯಾರದೋ ಬಾಣಂತನಕ್ಕೆ, ಇನ್ಯಾರದೋ ತಿಥಿಗೆ. ತನಗೋಸ್ಕರ ಒಮ್ಮೆಯೂ ಹೋಗಿರಲಿಲ್ಲ. ಅದು ಅವಳ ಮನಸ್ಸಿನಲ್ಲಿತ್ತು, ಬಾಯಲ್ಲಿರಲಿಲ್ಲ.

ಬೌಲಿಂಗ್ ಚೆಂಡಿನ ಹೊಟ್ಟೆಯೊಳಗೆ ಒಂದು ಭಾರದ ಗಟ್ಟಿ ಇರುತ್ತದೆ. ಬೆರಳಿನ ತೂತನ್ನು ಅದರಿಂದ ಎಷ್ಟು ದೂರಕ್ಕೆ, ಯಾವ ಓರೆಗೆ ಕೊರೆಯುತ್ತಾರೋ ಅದರ ಮೇಲೆ ಚೆಂಡು ನೇರ ಹೋಗುವುದೋ ವಾಲುವುದೋ ನಿಂತಿದೆ. ಒಬ್ಬರ ಎಸೆತಕ್ಕೆ ಒಪ್ಪಿದ್ದು ಇನ್ನೊಬ್ಬರಿಗೆ ಒಪ್ಪುವುದಿಲ್ಲ.

"ನಾನು ನಿಧಾನಕ್ಕೆ ಎಸೀತೀನಿ ಮೌಳಿ. ಕೊನೇಲಿ ಎಡಕ್ಕೆ ಜಾಸ್ತಿ ವಾಲುತ್ತೆ. ಅದು ಸ್ವಲ್ಪ ಕಮ್ಮಿ ಆಗೋ ಹಾಗೆ ಕೊರೆದುಕೊಡು, ಸಾಕು."

"ಅದು ನೀವು ಹೇಳೋದು. ಕೈ ಏನು ಹೇಳುತ್ತೆ ಅಂತ ನೋಡಬೇಡವಾ?"

"ಕೈ ನಂದೇ ತಾನೇ?"

"ರೋಗಿ ಹೇಳಿದ್ದನ್ನೇ ನಂಬೋದಾದ್ರೆ ಡಾಕ್ಟರು ನಾಡಿ ಯಾಕೆ ಹಿಡೀತಾರೆ ಅತ್ತಿಗೆ?" ಎಂದು ಮೌಳಿ ಅವಳ ಬಲಗೈ ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟಿದ. "ಆಡೋವಾಗ ಕೈ ನಾಟಕ ಮಾಡುತ್ತೆ. ಮೂರು ದಿನ ಇದನ್ನ ಬಿಚ್ಚಬೇಡಿ, ಸ್ನಾನಕ್ಕೂ. ನಿಮ್ಮ ಕೈ ಯಾವ ಚಲನೆ ಅತಿ ಪಕ್ಕಾ ಮಾಡುತ್ತೋ, ಯಂತ್ರ ಅದನ್ನ ಹಿಡಿದು ಅದಕ್ಕೆ ತಕ್ಕ ಹಾಗೆ ಕೊರೆಯುತ್ತೆ."

ಮೂರು ದಿನ ಪಟ್ಟಿ ಕೈಯಲ್ಲಿತ್ತು. ಶನಿವಾರ ಯಂತ್ರ ಗುಯ್‌ಗುಟ್ಟುತ್ತ ಬೆರಳಿಗೆ ಮೂರು ತೂತು ಕೊರೆಯಿತು. ಸುತ್ತಲೂ ಸಾಸಿವೆ ಗಾತ್ರದ ಇಪ್ಪತ್ತೊಂದು ತೂತು ಕೊರೆದು, ಒಂದೊಂದರಲ್ಲೂ ತಾನೇ ಜರುಗುವ ಸಣ್ಣ ತೂಕ ಇಟ್ಟು ಮುಚ್ಚಿತು. ಕಾತ್ಯಾಯಿನಿ ಬೆರಳಿಟ್ಟು ನೋಡಿದಳು. ವರ್ಷಗಟ್ಟಲೆ ತೊಟ್ಟ ಬಳೆಯ ಹಾಗೆ ಕೂತಿತು.

"ಪರವಾಗಿಲ್ಲ ಕಣೋ," ಎಂದಳು. ಮೌಳಿಗೆ ಅಷ್ಟೇ ಸಾಕಾಗಿತ್ತು.

ಭಾನುವಾರ ಎದುರಾಳಿ ಪ್ರಫುಲ್ಲಾ ಮೇಡಂ. ನಿವೃತ್ತ ಆಟದ ಟೀಚರು, ಚೀಲದಲ್ಲಿ ಇನ್ನೂ ಸೀಟಿ ಇಟ್ಟುಕೊಂಡಿರುವಾಕೆ. ನಿಯಮ ಸರಳವಾಗಿತ್ತು: ತಲಾ ಐದು ಎಸೆತ, ಬಿದ್ದ ಪಿನ್ನಿನಷ್ಟು ಅಂಕ, ನಡುವೆ ಚೆಂಡು ಬದಲಿಸುವ ಹಾಗಿಲ್ಲ.

ಪ್ರಫುಲ್ಲಾ ಎಂಟು ಕೆಡವಿದರು. ಕಾತ್ಯಾಯಿನಿ ಎಸೆದಳು. ಚೆಂಡು ಗೆರೆ ಎಳೆದ ಹಾಗೆ ನೇರ ಹೋಯಿತು. ಮುಂದಿನ ಪಿನ್ ಹತ್ತಿರ ಬರುತ್ತಲೇ ಮರ್ಯಾದೆಯಿಂದ ಪಕ್ಕಕ್ಕೆ ಸರಿಯಿತು. ಪ್ರತಿ ಪಿನ್ನಿನ ಬಳಿ ಒಳಗೆ ಬಾಗಿ, ಹೊರಗೆ ಬಳಕಿ, ಹತ್ತನ್ನೂ ಒಂದು ಸುತ್ತು ಹಾಕಿ, ಒಂದನ್ನೂ ಮುಟ್ಟದೆ ಹಿಂದಿರುಗಿ ಅವಳ ಕಾಲ ಬಳಿ ಬಂದು ನಿಂತಿತು.

"ಪ್ರದಕ್ಷಿಣೆ ಮುಗೀತಾ? ತೀರ್ಥ ಪ್ರಸಾದ ಏನಾದ್ರೂ ಉಂಟಾ?" ಎಂದರು ಪ್ರಫುಲ್ಲಾ, ಮುಂದಿನ ಎಸೆತದಲ್ಲಿ ಏಳು ಕೆಡವುತ್ತ.

ಎರಡನೆಯದೂ ಹಾಗೇ. ಸೊನ್ನೆ. ಮೌಳಿ ಹಣೆಯ ಬೆವರು ಒರೆಸಿಕೊಳ್ಳುತ್ತ ಗಾಳಿ, ತೇವಾಂಶ ಎಂದು ಏನೇನೋ ಗೊಣಗುತ್ತಿದ್ದ. ಕಾತ್ಯಾಯಿನಿ ಮಾತ್ರ ಮೇಲೆ ಅಂಕ ತೋರಿಸುವ ಪರದೆ ನೋಡುತ್ತಿದ್ದಳು. ಚೆಂಡು ಸಾಗಿದ ದಾರಿ ಅದರ ಮೇಲೆ ಗೆರೆಯಾಗಿ ಮೂಡಿತ್ತು. ಒಂದು, ಎರಡು, ಮೂರು, ನಾಲ್ಕು ಎಂದು ಸಾಲಾಗಿ ನಿಂತ ಹತ್ತು ಪಿನ್ನು, ಸುತ್ತ ಬಳಕುವ ಎಳೆ.

"ಮೌಳಿ, ಅದು ನಾನು ಬಾಗಿಲಲ್ಲಿ ಬಿಡೋ ಹತ್ತು ಚುಕ್ಕಿ ರಂಗೋಲಿ."

ಮೌಳಿ ತಲೆಯೆತ್ತಿ ಪರದೆ ನೋಡಿದ.

"ನಲವತ್ತು ವರ್ಷದಿಂದ ದಿನಾ ಬೆಳಗ್ಗೆ ಮಾಡೋ ಕೆಲಸ. ಅದಕ್ಕಿಂತ ಪಕ್ಕಾ ನನ್ನ ಕೈಗೆ ಇನ್ನೇನು ಬರುತ್ತೆ? ಎಳೆ ಚುಕ್ಕಿಗೆ ತಾಗಬಾರದು. ಅದಕ್ಕೇ ತಾಗ್ತಿಲ್ಲ."

"ಹಾಗಾದ್ರೆ ಮುಗೀತು ಅತ್ತಿಗೆ. ನನ್ನ ಯಂತ್ರ ತಪ್ಪು ಮಾಡಲ್ಲ."

"ಅದೇ ತೊಂದರೆ. ಸುಮ್ಮನಿರು, ಯೋಚನೆ ಮಾಡ್ತೀನಿ."

ಮಂಗಳೂರು ಕೈತಪ್ಪುತ್ತಿತ್ತು. ಎಳೆ ಚುಕ್ಕಿಗೆ ತಾಗಿದರೆ ತಾನೇನು ಮಾಡುತ್ತೇನೆ? ಶುಕ್ರವಾರ ತಾಗಿತ್ತಲ್ಲ. ಹಾಲಿನವನು ಬೆನ್ನ ಹಿಂದೆ ಕೂಗಿದ್ದಕ್ಕೆ ಕೈ ಅಲುಗಿತ್ತು. ಕೆಟ್ಟ ರಂಗೋಲಿ ಅವಳಿಗೆ ಕಣ್ಣಲ್ಲಿ ನೋಡಲಾಗುತ್ತಿರಲಿಲ್ಲ. ಅಂಗೈಯಲ್ಲಿ ಒಂದೇ ಸಲಕ್ಕೆ ಎಲ್ಲ ಒರೆಸಿಬಿಟ್ಟಿದ್ದಳು. ಪಟ್ಟಿ ಆಗಲೂ ಕೈಯಲ್ಲೇ ಇತ್ತು.

"ಮೌಳಿ, ನಾನು ಚೆಂಡು ಬಿಡೋ ಹೊತ್ತಿಗೆ ಹಿಂದಿನಿಂದ ಹಾಲಿನವನ ಹಾಗೆ ಕೂಗು."

"ಇಷ್ಟು ಜನರ ಮುಂದೆನಾ?"

"ಪಂಚೆ ಮಡಿಸಿದೋನಿಗೆ ಇನ್ನೆಲ್ಲಿಯ ನಾಚಿಕೆ? ಕೂಗು."

ಮೂರನೆಯ ಎಸೆತ. ಕೈ ಹಿಂದೆ ಹೋಗಿ ಮುಂದೆ ಬಂತು. "ಅಮ್ಮಾ, ಹಾಲೂ!" ಎಂದು ಮೌಳಿ ಕೂಗಿದ ಕೂಗಿಗೆ ಪಾಪ್‌ಕಾರ್ನ್ ಮಾರುವವನೂ ಬೆಚ್ಚಿದ. ಅವಳ ಕೈ ಅಲುಗಿತು. ಚೆಂಡು ಮೊದಲ ಪಿನ್ನಿಗೆ ಒಂದಿಷ್ಟು ತಾಗಿತು, ಕ್ಷಣ ನಿಂತಿತು, ಆಮೇಲೆ ಎಡದಿಂದ ಬಲಕ್ಕೆ ಒಂದೇ ಸಲ ಬೀಸಿ ಹತ್ತನ್ನೂ ಒರೆಸಿ ಹಾಕಿತು.

"ಇದು ಮೋಸ! ಆಟದಲ್ಲಿ ಹಾಲು ಅಂತ ಕೂಗೋದಾ?" ಎಂದು ಪ್ರಫುಲ್ಲಾ ಸೀಟಿ ಊದಿದರು.

ಮ್ಯಾನೇಜರು ನಿಯಮದ ಪುಸ್ತಕವನ್ನು ಆದಿಯಿಂದ ಅಂತ್ಯದವರೆಗೆ ತಿರುವಿದ. "ಹಾಲಿನ ವಿಷಯ ಎಲ್ಲೂ ಇಲ್ಲ ಮೇಡಂ. ಸೀಟಿ ಊದಬಾರದು ಅಂತ ಇದೆ."

ನಾಲ್ಕನೆಯ ಸಲವೂ ಮೌಳಿ ಕೂಗಿದ, ಚೆಂಡು ತನ್ನ ಹತ್ತನ್ನು ಒರೆಸಿ, ಪಕ್ಕದ ಲೇನಿನ ಹತ್ತನ್ನೂ ಒರೆಸಿ ಬಂತು. ಪಕ್ಕದ ಮನೆಯ ಬಾಗಿಲಿನ ಕೆಟ್ಟ ರಂಗೋಲಿಗೂ ಕೈಯಾಡಿಸುವ ಅಭ್ಯಾಸ ಕಾತ್ಯಾಯಿನಿಗಿತ್ತು. ಅಲ್ಲಿ ಆಡುತ್ತಿದ್ದವರು ಇನ್ನೂ ಬೂಟಿನ ದಾರ ಕಟ್ಟುತ್ತಿದ್ದರು. ಐದನೆಯದಕ್ಕೂ ಹತ್ತು. ಅವಳ ಮೂವತ್ತಕ್ಕೆ, ಆಮೇಲಾಮೇಲೆ ಗುರಿ ತಪ್ಪಿದ ಪ್ರಫುಲ್ಲಾರದು ಇಪ್ಪತ್ತೆಂಟು. ಪ್ರಫುಲ್ಲಾ ಬಂದು ಕೈ ಕುಲುಕಿ, "ನಿಮ್ಮ ಹಾಲಿನವನ ನಂಬರ್ ಕೊಡ್ರೀ," ಎಂದರು.

ಬಹುಮಾನ ಒಂದು ಹೊಸ ಚೆಂಡು, ತೂತು ಕೊರೆಯದ್ದು. ಮರುದಿನ ಕಾತ್ಯಾಯಿನಿ ಅದನ್ನು ಶೆಡ್ಡಿಗೆ ಒಯ್ದಳು.

"ಈ ಸಲ ಏನು ಕಟ್ತೀಯ, ಕಾಲಿಗಾ?"

"ಇಲ್ಲ ಅತ್ತಿಗೆ. ನಿಮ್ಮನ್ನೇ ಕೇಳ್ತೀನಿ." ಎರಡು ಪ್ರಶ್ನೆ ಕೇಳಿದ, ಸೀಮೆಸುಣ್ಣದಲ್ಲಿ ಮೂರು ಗುರುತು ಹಾಕಿದ. ಹಳೆಯ ಡ್ರಿಲ್ಲಿನಲ್ಲಿ ಅರ್ಧ ಗಂಟೆಗೆ ಕೆಲಸ ಮುಗಿಯಿತು.

ಹಳೆಯ ಚೆಂಡು ಮನೆಯಲ್ಲೇ ಉಳಿಯಿತು. ಬೆರಳಿನ ತೂತಿಗೆ ರಂಗೋಲಿ ಪುಡಿ ತುಂಬಿ ಹೊಸ್ತಿಲಾಚೆ ಬಿಟ್ಟರೆ ತಾನೇ ಎಳೆ ಬಿಟ್ಟು ಬರುತ್ತಿತ್ತು. ಆದರೆ ಅದು ಕಾತ್ಯಾಯಿನಿಯ ಕೈ. ಗುಡಿಸಿ ನೀರು ಹಾಕದ ಅಂಗಳಕ್ಕೆ ಕಾಲಿಡುತ್ತಿರಲಿಲ್ಲ. ಅಲ್ಲಿಯವರೆಗೆ ಬಾಗಿಲಿಗೆ ಧಡ್ ಧಡ್ ಎಂದು ಗುದ್ದುತ್ತಿತ್ತು, ಬೆಳಗ್ಗೆ ಐದೂವರೆಗೆ ಸರಿಯಾಗಿ.

ಕಾತ್ಯಾಯಿನಿ ಆಟಕ್ಕೆ ಹೋದ ಎರಡನೆಯ ದಿನ ಸದಾನಂದಯ್ಯ ಪೊರಕೆ ಹಿಡಿದುಕೊಂಡೇ ಮಂಗಳೂರಿಗೆ ಫೋನು ಮಾಡಿದ.

"ಅಲ್ಲ ಕಣೇ, ಇದಕ್ಕೆ ಗುಡಿಸೋದನ್ನೂ ಕಲಿಸೋಕೆ ಹೇಳಬಾರದಿತ್ತಾ ಮೌಳಿಗೆ?"

ಕಾತ್ಯಾಯಿನಿ ಕಡಲ ದಂಡೆಯಲ್ಲಿ ಕಡಲೆಕಾಯಿ ತಿನ್ನುತ್ತಿದ್ದಳು.

"ಹೇಳಬಹುದಿತ್ತು ಕಣ್ರೀ," ಎಂದಳು. "ಆದ್ರೆ ಮೂರು ದಿನ ಪಟ್ಟಿ ನಿಮ್ಮ ಕೈಗೆ ಕಟ್ಟಿದ್ರೆ, ಚೆಂಡು ಪೇಪರ್ ಓದೋದು ಬಿಟ್ಟು ಇನ್ನೇನು ಕಲೀತಿತ್ತು?"