ಟೆಲಿಫೋನಿನಲ್ಲಿ ಊರು ಹುಡುಕಿದ್ದು

ಊರುಗಳ ಹೆಸರು ಬಾಯಿಪಾಠವಾಗಿರುವವನಿಗೆ ಊರೂ ಗೊತ್ತಿರುತ್ತದೆ ಎಂದು ಜನ ನಂಬುತ್ತಾರೆ. ಜನರ ಮಾತಿರಲಿ, ನಾನೇ ನಂಬಿದ್ದೆ. ಮಹಾರಾಜರ ಸರ್ಕಾರದಲ್ಲಿ ಮಧುಗಿರಿ ತಾಲ್ಲೂಕು ಕಚೇರಿಗೆ ಗುಮಾಸ್ತನಾಗಿ ಸೇರಿದ ಹೊಸದರಲ್ಲಿ, ಶಿರಾ, ಕೊರಟಗೆರೆ, ಪಾವಗಡಗಳನ್ನೂ ಸೇರಿಸಿ ಸುತ್ತಲಿನ ಗ್ರಾಮಗಳನ್ನೆಲ್ಲ ಹೋಬಳಿವಾರು ಒಪ್ಪಿಸಿ ಅಮಲ್ದಾರರನ್ನು ಬೆರಗುಗೊಳಿಸಿದ್ದೆ. ಅವುಗಳಲ್ಲಿ ನಾನು ಕಣ್ಣಾರೆ ಕಂಡದ್ದು ಮೂರೋ ನಾಲ್ಕೋ. ಅದರಲ್ಲೂ ಒಂದಕ್ಕೆ ಹೋದದ್ದು ಹೆಣ್ಣು ನೋಡಲು. ಆದ್ದರಿಂದ ಊರು ನೋಡಲಿಲ್ಲ. ಕಚೇರಿಗೆ ಟೆಲಿಫೋನು ಬಂದಾಗ ಅಮಲ್ದಾರರು, "ಯಾವ ಮೂಲೆಯಿಂದ ಕರೆದರೂ ಇವನು ಗುರುತು ಹಿಡೀತಾನೆ" ಎಂದು ಅದನ್ನು ನನ್ನ ಮೇಜಿನ ಮೇಲೇ ಇಡಿಸಿದರು. ಅಂದಿನಿಂದ ನನ್ನ ರುಮಾಲು ಒಂದು ಸುತ್ತು ದಪ್ಪವಾಯಿತು.

ಏರ್ಪಾಡು ಇಷ್ಟೇ. ಊರಿನಿಂದ ಹೊರಡುವ ದೊಡ್ಡ ರಸ್ತೆಗಳ ಪೊಲೀಸ್ ಚೌಕಿಗಳಿಗೆಲ್ಲ ಒಂದೇ ತಂತಿ. ದಾರಿಯಲ್ಲಿ ಯಾರಿಗಾದರೂ ಅಪಾಯವಾದರೆ ಅಲ್ಲಿನ ಪೇದೆ ಹಿಡಿ ತಿರುಗಿಸಬೇಕು. ನನ್ನ ಮೇಜಿನ ಮೇಲೆ ಗಂಟೆ ಬಾರಿಸುತ್ತದೆ. ನಾನು ಡಾಕ್ಟರನ್ನೋ ಪೊಲೀಸರನ್ನೋ ಕಳಿಸಬೇಕು. ಯಾವ ಚೌಕಿಯಿಂದ ಕರೆದರೂ ಗಂಟೆಯ ಸದ್ದು ಒಂದೇ. ಪೇದೆ ಮೊದಲು ತನ್ನ ಚೌಕಿಯ ಹೆಸರು ಹೇಳುತ್ತಿದ್ದ, ನಾನು ಗುರುತು ಹಿಡಿಯುತ್ತಿದ್ದೆ. ಹೀಗೆ ಆರು ತಿಂಗಳು ನನ್ನ ಕೀರ್ತಿಗೆ ಕುಂದು ಬರಲಿಲ್ಲ.

ಒಂದು ದಿನ ಹನ್ನೊಂದು ಗಂಟೆಯ ಹೊತ್ತಿಗೆ ಗಂಟೆ ಬಾರಿಸಿತು. ಎತ್ತಿದರೆ ಪೇದೆಯಲ್ಲ, ಯಾರೋ ಹೆಂಗಸು.

"ಸಾಮೀ, ನಮ್ಮ ನಾದಿನಿ ಬಸುರಿ. ಗಾಡಿ ಅಚ್ಚು ಮುರೀತು. ನೋವು ಬಂದ್ಬುಡ್ತು. ಯಾರನ್ನಾರ ಕಳ್ಸಿ ಸಾಮೀ!"

"ಎಲ್ಲಿದ್ದೀಯಮ್ಮ?"

"ಇಲ್ಲೇ ಸಾಮಿ."

"ಇಲ್ಲೇ ಅಂದರೆ ಎಲ್ಲಿ?"

"ಈ ಪೆಟ್ಟಿಗೆ ತಾವ."

ಹೋಬಳಿ ಯಾವುದು ಎಂದೆ. ಗೊತ್ತಿಲ್ಲ. ಗ್ರಾಮ ಯಾವುದು ಎಂದೆ. ದಾರೀಲಿ ಹೋಗೋರು, ನಮಗೇನು ಗೊತ್ತು ಎಂದಳು. ಗೋಡೆಯ ಮೇಲಿನ ಹಲಗೆ ಓದು ಎಂದೆ. ಓದಲು ಬಂದಿದ್ದರೆ ನಿಮ್ಮನ್ನು ಯಾಕೆ ಕೇಳ್ತಿದ್ದೆ ಎಂದಳು. ಪೇದೆ ಊಟಕ್ಕೆ ಹೋಗಿದ್ದನಂತೆ. ದಾರಿಹೋಕನೊಬ್ಬ, ಕಡಲೆಕಾಯಿ ಗಾಡಿಯವನು, ಹಿಡಿ ತಿರುಗಿಸಿ ಕೈಗೆ ಕೊಟ್ಟು, "ಮಾಟ್ಲಾಡಮ್ಮಾ" ಎಂದು ಹೇಳಿ ತನ್ನ ದಾರಿ ಹಿಡಿದಿದ್ದನಂತೆ. ನನ್ನ ಕಿವಿ ನಿಮಿರಿತು. ತೆಲುಗು! "ಎದುರಿಗೆ ಏನು ಕಾಣುತ್ತೆ?" ಎಂದೆ. "ದೊಡ್ಡ ಬಂಡೆ ಬೆಟ್ಟ ಐತೆ ಸಾಮಿ, ಮ್ಯಾಲೆ ಕ್ವಾಟೆ ಗ್ವಾಡೆ." ತೆಲುಗು, ಬೆಟ್ಟ, ಕೋಟೆ. ಪಾವಗಡವಲ್ಲದೆ ಇನ್ನೇನು? ರಿಸೀವರನ್ನು ಕೈಯಿಂದ ಮುಚ್ಚಿ, ಜವಾನ ರಂಗಪ್ಪನನ್ನು ಆಸ್ಪತ್ರೆಗೆ ಓಡಿಸಿದೆ. ಐದೇ ನಿಮಿಷದಲ್ಲಿ ಡಾಕ್ಟರು, ಊರಿಗೆಲ್ಲ ಇದ್ದ ಒಂದೇ ಮೋಟಾರಿನಲ್ಲಿ ಧೂಳೆಬ್ಬಿಸುತ್ತ ಪಾವಗಡದ ದಾರಿ ಹಿಡಿದದ್ದು ನಮ್ಮ ಕಿಟಕಿಯಿಂದಲೇ ಕಾಣಿಸಿತು. ನಾನು ಒಂದು ಚಿಟಿಕೆ ನಶ್ಯ ಏರಿಸಿದೆ.

ಸೀನು ಮುಗಿಯುವಷ್ಟರಲ್ಲಿ ಆಸ್ಪತ್ರೆಯ ಸೂಲಗಿತ್ತಿ ನರ್ಸು ಸುಂದರಮ್ಮ ಹೆರಿಗೆಯ ಚೀಲ ಹಿಡಿದು ಒಳಗೆ ಬಂದರು. ನನ್ನ ತಾಯಿಯ ವಯಸ್ಸಿನವರು. "ಯಾವೂರಯ್ಯಾ ಆ ಹುಡುಗೀದು?" ಎಂದರು. ಅದು ನನಗೆ ಗೊತ್ತಿರಲಿಲ್ಲ. ಎಲ್ಲಿದ್ದೀಯ ಎಂದು ಹತ್ತು ಸಲ ಕೇಳಿದ್ದೆನೇ ಹೊರತು ಎಲ್ಲಿಂದ ಬಂದೆ ಎಂದು ಒಂದು ಸಲವೂ ಕೇಳಿರಲಿಲ್ಲ. ಸುಂದರಮ್ಮ ರಿಸೀವರನ್ನು ನನ್ನ ಕೈಯಿಂದ ಕಿತ್ತುಕೊಂಡರು. ಆ ಹೆಂಗಸಿನ ಗಟ್ಟಿ ದನಿ ಪಕ್ಕದಲ್ಲಿದ್ದ ನನಗೂ ಕೇಳಿಸುತ್ತಿತ್ತು.

"ಯವ್ವಾ, ಎದರ್ಕಬೇಡ. ಯಾವೂರಿಂದ ಹೊರಟ್ರಿ?"

"ಬುಕ್ಕಾಪಟ್ಣದ ತಾವ್ಲಿಂದ ಕಣಕ್ಕಾ. ನೆನ್ನೆ ಸಿರಾ ದಾಟಿದ್ವಿ, ಮಸೀದೀಲಿ ಬಾಂಗು ಕೂಗ್ತಿದ್ರು. ರಾತ್ರಿ ಛತ್ರದಾಗೆ ಮಲಗಿದ್ವಿ."

"ಹೋಗಬೇಕಾದ್ದು ಎಲ್ಲಿಗೆ?"

"ಕೊರಟಗೆರೆ ತಾವ, ಅವಳ ತೌರಿಗೆ."

"ಆ ಬೆಟ್ಟ ಎಷ್ಟು ದೊಡ್ಡದು ಕಾಣ್ತದೆ?"

"ಅರ್ಧ ಆಕಾಸ ತುಂಬ್ಕಂಡೈತೆ ಕಣಕ್ಕಾ!"

ಸುಂದರಮ್ಮ ರಿಸೀವರನ್ನು ಮೇಜಿನ ಮೇಲಿಟ್ಟರು. ನನ್ನ ಭುಜ ಹಿಡಿದು ಹಿಂದಿನ ಕಿಟಕಿಯ ಕಡೆ ತಿರುಗಿಸಿದರು. ಅರ್ಧ ಆಕಾಶ ತುಂಬಿಕೊಂಡು, ತಲೆಯ ಮೇಲೆ ಕೋಟೆಗೋಡೆ ಹೊತ್ತು, ಮಧುಗಿರಿಯ ಬೆಟ್ಟ ನಿಂತಿತ್ತು. ನಾನು ಆರು ತಿಂಗಳಿಂದ ಅದಕ್ಕೆ ಬೆನ್ನು ಮಾಡಿ ಕೂತು ಕೆಲಸ ಮಾಡುತ್ತಿದ್ದೆ. ಶಿರಾದಿಂದ ಕೊರಟಗೆರೆಗೆ ದಾರಿ ನಮ್ಮೂರ ಮೇಲೆಯೇ; ಆ ಹೆಂಗಸು ಮಾತಾಡುತ್ತಿದ್ದದ್ದು ಶಿರಾ ರಸ್ತೆಯ ಚೌಕಿಯಿಂದ. ನಮ್ಮ ಕಚೇರಿಗೆ ಒಂದೇ ಮೈಲಿ. ಜೋರಾಗಿ ಕೂಗಿದ್ದರೆ ಟೆಲಿಫೋನಿನ ಹಂಗೇ ಬೇಕಿರಲಿಲ್ಲ.

"ಮೋಟಾರು?" ಎಂದೆ.

"ಅದನ್ನ ನೀವು ಪಾವಗಡಕ್ಕೆ ಕಳಿಸಿದಿರಲ್ಲ! ಚೀಲ ಹೊತ್ಕೊಳ್ಳಿ, ನಡೀರಿ" ಎಂದರು.

ದಾರಿಯಲ್ಲಿ ಸಿಕ್ಕ ಜಟಕಾ ಹತ್ತಿದೆವು. ಆ ಒಂದು ಮೈಲಿಯಲ್ಲಿ, ತಾಯಿಗೋ ಮಗುವಿಗೋ ಏನಾದರೂ ಆದರೆ ಯಾವ ಮುಖ ಹೊತ್ತು ಬದುಕಲಿ ಎಂದುಕೊಳ್ಳುತ್ತ ಚೀಲವನ್ನು ಎದೆಗೆ ಅವಚಿಕೊಂಡು ಕೂತಿದ್ದೆ. ಅಚ್ಚು ಮುರಿದ ಗಾಡಿ ಹುಣಸೆಮರದ ಕೆಳಗೆ ವಾಲಿಕೊಂಡಿತ್ತು. ಸುಂದರಮ್ಮ ಸುತ್ತ ಸೀರೆ ಕಟ್ಟಿಸಿ ಒಳಗೆ ಹೋದರು. ಊಟ ಮುಗಿಸಿ ಬಂದ ಪೇದೆಯೂ ಗಾಡಿ ಹೊಡೆಯುವ ಮುದುಕನೂ ನಾನೂ ಎತ್ತುಗಳ ಪಕ್ಕದಲ್ಲಿ ನಿಂತೆವು. ನಮ್ಮಲ್ಲಿ ನೆಮ್ಮದಿಯಾಗಿದ್ದವು ಎತ್ತುಗಳೇ. ಮಗು ಮೊದಲು ಅಳಲಿಲ್ಲ. ಸುಂದರಮ್ಮ ಬೆನ್ನು ತಟ್ಟುವ ಸದ್ದು ಎರಡು ಸಲ ಕೇಳಿಸಿತು. ಮೂರನೆಯದಕ್ಕೆ ಅದು ಕಿರುಚಿತು. ನಾನು ಪೇದೆಯನ್ನು ತಬ್ಬಿಕೊಂಡೆ. ಹೆಣ್ಣು ಮಗು.

ತಾಯಿಯನ್ನೂ ಮಗುವನ್ನೂ ಆಸ್ಪತ್ರೆಗೆ ಸೇರಿಸಿದೆವು; ಡಾಕ್ಟರು ಸಂಜೆ ಮೈಯೆಲ್ಲ ಕೆಂಧೂಳಾಗಿ ಅಲ್ಲಿಗೆ ಬಂದರು. ಅವರು ನನಗೆ ಹೇಳಿದ ಮಾತುಗಳು ಮಗುವಿನ ಕಿವಿಗೆ ಬೀಳದಿರಲೆಂದು ಸುಂದರಮ್ಮ ಬಾಗಿಲು ಮುಚ್ಚಿಕೊಂಡರು.

ಮಾರನೆಯ ದಿನ ಕ್ಷಮೆ ಕೇಳೋಣವೆಂದು ಆಸ್ಪತ್ರೆಗೆ ಹೋದೆ. ಟೆಲಿಫೋನಿನಲ್ಲಿ ಮಾತಾಡಿದ ಹೆಂಗಸು, ಕೆಂಚಮ್ಮ, ಬಾಣಂತಿಯ ಮಂಚದ ಪಕ್ಕದಲ್ಲಿ ಕೂತಿದ್ದಳು. ಚೀಲ ಹೊತ್ತು ಬಂದವನೆಂದಷ್ಟೇ ನನ್ನ ಗುರುತು ಅವಳಿಗೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಸಂಕಟದಿಂದ ಕೇಳಿದಳು:

"ಸಾಮೀ, ಆ ಪೆಟ್ಟಿಗೇಲಿ ಒಬ್ಬ ಯಪ್ಪ ಮಾತಾಡ್ತಿದ್ದ. ನಮ್ಮ ಗೋಳಿನಾಗೆ ಅವನ್ನ ವಿಚಾರಿಸ್ಲಿಲ್ಲ. ಇದ್ಯಾವೂರು, ಇದ್ಯಾವ ಹೋಬಳಿ, ಎದುರಿಗೆ ಏನೈತೆ ಅಂತ ಒಂದೇ ಸಮ್ನೆ ಕೇಳ್ತಿದ್ದ. ಪಾಪ, ಎಲ್ಲೋ ದಾರಿ ತಪ್ಪಿತ್ತು ಅವಂಗೆ. ಮನೆ ಸೇರ್ಕಂಡ್ನಾ?"

ನಾನು ರುಮಾಲು ಸರಿಮಾಡಿಕೊಂಡೆ.

"ಸೇರಿಕೊಂಡ ಕಣಮ್ಮ" ಎಂದೆ. "ಆ ಸುಂದರಮ್ಮನೋರೇ ದಾರಿ ತೋರಿಸಿದರು."