ರಾಣಿಯ ನಿಲುವಂಗಿಯೂ ಅಸಲಿ ಯಜಮಾನರೂ

ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ದುಡಿದ ಕಂಪ್ಯೂಟರು, ರಿಪೇರಿಗೆ ಹೋಗಿ ಬಂದದ್ದೇ ತಡ, ಪರದೆಯನ್ನು ಕಪ್ಪಗೆ ಮಾಡಿಕೊಂಡು ಮೂಲೆಯಲ್ಲಿ ‘ಇದು ಅಸಲಿ ಪ್ರತಿಯಲ್ಲ’ ಎಂದು ಬರೆದುಕೊಂಡು ಏಕೆ ಕೂತಿತು? ಯಜಮಾನರಿಗೆ ಬಗೆಹರಿಯಲಿಲ್ಲ. ಅವರು ಕಾರ್ಖಾನೆಯ ಗೇಟಿನಲ್ಲಿ ಕಾವಲಿನವರ ಮೇಲಧಿಕಾರಿ. ಗುರುತಿನ ಚೀಟಿ ಇಲ್ಲದಿದ್ದರೆ ಮಾಲೀಕರನ್ನೂ ನಿಲ್ಲಿಸುವ ಆಸಾಮಿ. ಅಂಥವರ ಮನೆಯಲ್ಲೇ ನಕಲಿ ಎಂದರೆ!

ಹೆಂಡತಿ ನಾಟಕದ ಉಡುಪು ಹೊಲಿಯುವವಳು. ಬಟ್ಟೆ ಕತ್ತರಿಸುವ ಅವಳ ನಮೂನೆಗಳೆಲ್ಲ ಆ ಕಂಪ್ಯೂಟರಿನೊಳಗೇ ಇದ್ದವು. (ಕಾಗದದ ನಮೂನೆಗಳನ್ನು ‘ಕಾಲ ಬದಲಾಗಿದೆ’ ಎಂದು ರದ್ದಿಗೆ ಹಾಕಿದವರು ಯಜಮಾನರೇ.) ಭಾನುವಾರ ನಾಟಕ, ರಾಣಿಯ ನಿಲುವಂಗಿ ಇನ್ನೂ ಬಟ್ಟೆಯ ಥಾನಿನಲ್ಲೇ ಇತ್ತು.

“ಈ ಸಿಸ್ಟಂ ತೀರಾ ಹಳೇದಾಯ್ತು ರೀ. ಮಾಡಿದ ಕಂಪನಿಯೇ ಕೈಬಿಟ್ಟಿದೆ. ಹೊಸದು ಹಾಕಿಸಿ.”

“ಸುಮ್ನಿರೆ, ಪುಕ್ಕಟೆ ಉಪಾಯ ಸಿಕ್ಕಿದೆ” ಎಂದು ಅವರು ಅಂತರ್ಜಾಲದಿಂದ ಏನನ್ನೋ ಇಳಿಸಿಕೊಂಡರು. ಒಮ್ಮೆ ಒತ್ತಿದರೆ ಆಜೀವ ಅಸಲಿ! ಷರತ್ತು ಒಂದೇ, ಮೊದಲು ಆಂಟಿವೈರಸ್ ಆಫ್ ಮಾಡಬೇಕು.

“ಅಂದ್ರೆ ಕಾವಲುಗಾರನ್ನ ಮಲಗಿಸಿ ಬಾಗಿಲು ತೆಗೀರಿ ಅಂತಾನಾ? ನಿಮ್ಮ ಗೇಟಲ್ಲಿ ಯಾರಾದ್ರೂ ಹೀಗಂದ್ರೆ ಒಳಗೆ ಬಿಡ್ತೀರಾ?”

“ಗೇಟೇ ಬೇರೆ, ಇದೇ ಬೇರೆ!”

(ಏನು ಬೇರೆ ಎಂಬುದು ಅವರಿಗೂ ಗೊತ್ತಿರಲಿಲ್ಲ.) ಒತ್ತಿದರು. ‘ಅಸಲಿ’ ಎಂದು ಬಂತು. ಯಜಮಾನರು ದಿಗ್ವಿಜಯ ಮುಗಿಸಿದ ಚಕ್ರವರ್ತಿಯ ಠೀವಿಯಲ್ಲಿ ಕಾಫಿ ಕುಡಿದು ಬರುವಷ್ಟರಲ್ಲಿ ಒಂದು ನಮೂನೆಯೂ ತೆರೆಯದು. ಪರದೆಯ ತುಂಬ ಕೆಂಪು ಅಕ್ಷರ: ‘ನಿಮ್ಮ ಕಡತಗಳಿಗೆ ಬೀಗ ಹಾಕಿದ್ದೇವೆ. ಹಣ ಕೊಟ್ಟರೆ ಬೀಗದ ಕೈ. ಸಂದೇಹಗಳಿದ್ದರೆ ಇಲ್ಲಿ ಕೇಳಿ.’

ಕಳ್ಳರಿಗೂ ವಿಚಾರಣಾ ವಿಭಾಗವೇ? ಗೊಂದಲದಲ್ಲೇ ಯಜಮಾನರು ಟೈಪು ಮಾಡಿದರು: ‘ಮಾನ್ಯರೇ, ನಾನು ಈಗಷ್ಟೇ ಅಸಲಿ ಆದವನು. ಏನೋ ತಪ್ಪಾಗಿದೆ.’

‘ಯಾವ ಸಿಸ್ಟಂ?’ ಎಂದು ಆ ಕಡೆಯವರು ಕೇಳಿದರು. ಯಜಮಾನರು ಹೇಳಿದರು. ಉತ್ತರ ಬಂತು: ‘ಸರ್, ಅಷ್ಟು ಹಳೆಯದರಲ್ಲಿ ನಮ್ಮ ಬೀಗದ ಕೈ ಕೆಲಸ ಮಾಡುವುದಿಲ್ಲ. ದಯವಿಟ್ಟು ಹೊಸದು ಹಾಕಿಸಿ. ಸಿಕ್ಕಸಿಕ್ಕದ್ದನ್ನೆಲ್ಲ ಇಳಿಸಿಕೊಳ್ಳಬೇಡಿ, ಅಪಾಯ.’

“ಲೇ, ಕಳ್ಳನೂ ನಿನ್ನ ಮಾತನ್ನೇ ಹೇಳ್ತಿದ್ದಾನಲ್ಲೇ!”

“ಸದ್ಯ, ಹೊರಗಿನವರ ಬಾಯಿಂದ ಬಂತಲ್ಲ. ಈಗಾದ್ರೂ ಕೇಳಿ” ಎಂದು ಅವಳು ಕಂಪ್ಯೂಟರಿನ ತಂತಿ ಕಿತ್ತಳು. ನಂತರ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ರಾಣಿ ಪಾರ್ಟಿನೋರೂ ಹೆಚ್ಚುಕಮ್ಮಿ ನಿಮ್ಮಷ್ಟೇ ದಪ್ಪ. ಸ್ಟೂಲ್ ಹತ್ತಿ.”

ಹೊಸದಾಗಿ ಅಳತೆ ಶುರುವಾಯಿತು. ತಲೆಯ ಮೇಲೆ ಕಿರೀಟ, ಮುಖದ ಮೇಲೆ ಜಾಲರಿ ಪರದೆ, ಷರಟಿನ ಮೇಲೇ ಸುತ್ತಿದ ನಿಲುವಂಗಿಯ ಬಟ್ಟೆಗೆ ಮೈತುಂಬ ಗುಂಡುಪಿನ್ನು. ಯಜಮಾನರು ಕೈ ಚಾಚಿ ನಿಂತಿರುವಾಗಲೇ ಕಾರ್ಖಾನೆಯ ಕಾವಲುಗಾರ ಗೇಟಿನ ಕೀಲಿ ಒಪ್ಪಿಸಲು ಬಂದ. ರಾಣಿಯನ್ನು ಕಂಡವನೇ ಎರಡು ಹೆಜ್ಜೆ ಹಿಂದೆ ಸರಿದ.

“ಅಮ್ಮಾ, ಸಾಹೇಬ್ರು ಇಲ್ವಾ?”

“ನಾನೇ ಕಣಯ್ಯಾ! ಕೊಡು ಕೀಲಿ!” ಎಂದಿತು ಪರದೆಯ ಒಳಗಿನ ದನಿ.

“ಹೌದಪ್ಪ, ಇವರೇ. ಇವತ್ತು ತಾನೇ ಅಸಲಿ ಆಗಿದ್ದಾರೆ” ಎಂದಳು ಹೆಂಡತಿ.

ಕಾವಲುಗಾರ ಕೀಲಿಗೊಂಚಲನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. “ತಪ್ಪು ತಿಳ್ಕೋಬೇಡಿ. ಅಸಲಿ ಅಂತ ಹೇಳ್ಕೊಳ್ಳೋರನ್ನ ನಂಬಲೇಬೇಡ ಅಂತ ಸಾಹೇಬ್ರ ಆರ್ಡರ್. ಗುರುತಿನ ಚೀಟಿ ತೋರಿಸಿ.”

ಚೀಟಿ ಷರಟಿನ ಜೇಬಿನಲ್ಲಿತ್ತು. ಷರಟು ನಿಲುವಂಗಿಯ ಒಳಗಿತ್ತು.

“ಅಲ್ಲಾಡಿದ್ರೆ ಚುಚ್ಚುತ್ತೆ” ಎಂದಳು ಹೆಂಡತಿ.